ಡ್ರೋನ್ ಮ್ಯಾಪಿಂಗ್‌ಗೆ ಯಾವ ಟ್ಯಾಬ್ ಹೊಂದುತ್ತದೆ?

ಪ್ರಶ್ನೆ: ನನ್ನ ಬಳಿ ಫ್ಯಾಂಟಮ್ 4 ಪ್ರೊ ಡ್ರೋನ್ ಇದೆ. ಇಷ್ಟು ದಿನ ರಿಮೋಟ್‌ಗೆ ಫೋನ್ ಸಿಕ್ಕಿಸಿಕೊಂಡು ಫೋಟೊ, ವಿಡಿಯೊ ತೆಗೆಯುತ್ತಿದ್ದೆ. ಈಗ ಜಮೀನು, ಕಲ್ಲುಕ್ವಾರಿಗಳ ಮ್ಯಾಪಿಂಗ್ ಕೆಲಸಕ್ಕೆ ಇಳಿಯಬೇಕೆಂದಿದ್ದೇನೆ. ಫೋನಿನ ಪರದೆ ಚಿಕ್ಕದು, ಬಿಸಿಲಲ್ಲಿ ಏನೂ ಕಾಣಿಸುವುದಿಲ್ಲ. ಮನೆಯಲ್ಲಿ ಹಳೆಯದೊಂದು ಐಪ್ಯಾಡ್ ಮಿನಿ 4 ಇದೆ, ವೈ-ಫೈ ಮಾತ್ರ ಇರುವಂಥದ್ದು. ಅದೇ ಸಾಕೇ, ಅಥವಾ ದೊಡ್ಡ ಪರದೆಯ ಆಂಡ್ರಾಯ್ಡ್ ಟ್ಯಾಬ್ ಕೊಳ್ಳಲೇ? ರ್‍ಯಾಮ್, ಪ್ರೊಸೆಸರ್ ಜಾಸ್ತಿ ಇದ್ದಷ್ಟೂ ಮ್ಯಾಪ್ ಚೆನ್ನಾಗಿ ಬರುತ್ತದೆಯೇ? ಮುಂದೆ ಚಿಕ್ಕ ಡ್ರೋನ್ ಒಂದನ್ನೂ ಕೊಳ್ಳುವ ಯೋಚನೆ ಇದೆ. ಎರಡಕ್ಕೂ ಒಂದೇ ಟ್ಯಾಬ್ ಆದೀತೇ?

ಉತ್ತರ: ರ್‍ಯಾಮ್ ಬಗ್ಗೆ ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಆ ಒಂದು ವಿಷಯ ಸ್ಪಷ್ಟವಾದರೆ ಉಳಿದ ಗೊಂದಲಗಳಲ್ಲಿ ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಮೇಲಿನಿಂದ ತೆಗೆದ ನೂರಾರು ಫೋಟೊಗಳನ್ನು ಬೆಸೆದು ಮಾಡುವ ಮ್ಯಾಪ್‌ನ ಗುಣಮಟ್ಟಕ್ಕೂ ಟ್ಯಾಬ್‌ಗೂ ಸಂಬಂಧವೇ ಇಲ್ಲ. ನಿಮ್ಮ ಫ್ಯಾಂಟಮ್ 4 ಪ್ರೊ ಕ್ಯಾಮೆರಾದ ಸೆನ್ಸರ್ ಅಗಲ 13.2 ಮಿ.ಮೀ., ಲೆನ್ಸಿನ ಫೋಕಲ್ ಲೆಂತ್ 8.8 ಮಿ.ಮೀ., ಫೋಟೊದ ಅಗಲ 5472 ಪಿಕ್ಸೆಲ್. ನೂರು ಮೀಟರ್ ಎತ್ತರದಲ್ಲಿ ಹಾರಿಸಿದರೆ ಒಂದೊಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 2.7 ಸೆಂ.ಮೀ. ಜಾಗವನ್ನು ಹಿಡಿಯುತ್ತದೆ. 60 ಮೀಟರ್‌ಗೆ ಇಳಿಸಿದರೆ 1.6 ಸೆಂ.ಮೀ. ಈ ಲೆಕ್ಕದಲ್ಲಿ ಸೆನ್ಸರ್ ಇದೆ, ಲೆನ್ಸ್ ಇದೆ, ಎತ್ತರ ಇದೆ. ಟ್ಯಾಬ್ ಎಲ್ಲೂ ಇಲ್ಲ. ಫೋಟೊಗಳು ಡ್ರೋನ್‌ನಲ್ಲಿರುವ ಮೆಮೊರಿ ಕಾರ್ಡಿಗೆ ಹೋಗುತ್ತವೆ. ಪ್ರತಿ ಫೋಟೊಗೆ ಅಂಟಿಕೊಳ್ಳುವ ಅಕ್ಷಾಂಶ, ರೇಖಾಂಶ ಬರುವುದೂ ಡ್ರೋನ್‌ನ ಜಿಪಿಎಸ್‌ನಿಂದ. ಸರ್ವೆಗೆ ಬೇಕಾದ ನಿಖರತೆ ಬರುವುದು ನೆಲದ ಮೇಲೆ ಗುರುತು ಹಾಕಿ ಅಳೆದ ಕಂಟ್ರೋಲ್ ಪಾಯಿಂಟ್‌ಗಳಿಂದ, ಇಲ್ಲವೇ ಆರ್‌ಟಿಕೆ, ಅಂದರೆ ಸೆಂಟಿಮೀಟರ್ ಮಟ್ಟದ ಜಿಪಿಎಸ್ ತಿದ್ದುಪಡಿ ಇರುವ ಡ್ರೋನ್‌ನಿಂದ.

ಹಾಗಾದರೆ ಟ್ಯಾಬ್‌ನ ಕೆಲಸವೇನು? ಹಾರಾಟದ ಯೋಜನೆ ಹಾಕುವುದು, ಅದನ್ನು ಡ್ರೋನ್‌ಗೆ ದಾಟಿಸುವುದು, ಹಾರುತ್ತಿರುವಾಗ ಏನಾಗುತ್ತಿದೆ ಎಂದು ನಿಮಗೆ ತೋರಿಸುವುದು. ಇಷ್ಟೇ. ಆದರೆ ಇಷ್ಟನ್ನು ಸುಡುಬಿಸಿಲಲ್ಲಿ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ, ನಾಲ್ಕಾರು ಬ್ಯಾಟರಿ ಖಾಲಿಯಾಗುವವರೆಗೂ ಕೈಕೊಡದೆ ಮಾಡಬೇಕು. ನಾನು ಟ್ಯಾಬ್ ಆರಿಸುವಾಗ ನೋಡುವುದು ವೇಗವನ್ನಲ್ಲ, ಈ ನಂಬಿಕೆಯನ್ನು.

ಜನ ಮೊದಲು ಟ್ಯಾಬ್ ಕೊಳ್ಳುತ್ತಾರೆ, ಆಮೇಲೆ ಆ್ಯಪ್ ಹುಡುಕುತ್ತಾರೆ, ಕೊನೆಗೆ ಅದು ತಮ್ಮ ಡ್ರೋನ್ ಜತೆ ಮಾತಾಡುವುದಿಲ್ಲ ಎಂದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಸರಿಯಾದ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ನನ್ನ ಡ್ರೋನ್ ಯಾವುದು? ಅದರ ಮ್ಯಾಪಿಂಗ್‌ಗೆ ಯಾವ ಆ್ಯಪ್ ಇದೆ? ಆ ಆ್ಯಪ್ ಐಪ್ಯಾಡ್‌ನಲ್ಲಿ ಓಡುತ್ತದೋ, ಆಂಡ್ರಾಯ್ಡ್‌ನಲ್ಲೋ, ಯಾವ ಆವೃತ್ತಿಯಿಂದ ಮೇಲೆ? ಇಷ್ಟಕ್ಕೂ ಉತ್ತರ ಸಿಕ್ಕ ಮೇಲೆ ಟ್ಯಾಬ್ ವಿಷಯಕ್ಕೆ ಬನ್ನಿ.

ಇಲ್ಲಿ ಎಸ್‌ಡಿಕೆ ಎಂಬ ಮಾತು ತಿಳಿದಿರಬೇಕು. ಡ್ರೋನ್ ಕಂಪನಿ ಬೇರೆ ಆ್ಯಪ್ ತಯಾರಕರ ಕೈಗೆ ಕೊಡುವ ಬಾಗಿಲ ಕೀಲಿ ಅದು. ಆ ಕೀಲಿ ಇದ್ದರೆ ಮಾತ್ರ ಪಿಕ್ಸ್‌ಫೋರ್‌ಡಿ ಕ್ಯಾಪ್ಚರ್, ಡ್ರೋನ್‌ಡಿಪ್ಲಾಯ್, ಲಿಚಿಯಂಥ ಆ್ಯಪ್‌ಗಳು ಡ್ರೋನ್ ಓಡಿಸಬಲ್ಲವು. ನಿಮ್ಮ ಫ್ಯಾಂಟಮ್ ತಯಾರಿಸಿದ ಡಿಜೆಐ ಕಂಪನಿಯ ಮೊಬೈಲ್ ಎಸ್‌ಡಿಕೆಯಲ್ಲಿ 4ನೇ ಆವೃತ್ತಿ ಐಪ್ಯಾಡ್‌ಗೂ ಇದೆ, ಆಂಡ್ರಾಯ್ಡ್‌ಗೂ ಇದೆ. ಫ್ಯಾಂಟಮ್ 4 ಪ್ರೊ, ಮ್ಯಾವಿಕ್ 2, ಮಿನಿ 2, ಏರ್ 2ಎಸ್ ಡ್ರೋನ್‌ಗಳೆಲ್ಲ ಆ ಸಾಲಿಗೆ ಸೇರಿದವು. 5ನೇ ಆವೃತ್ತಿ ಆಂಡ್ರಾಯ್ಡ್‌ಗೆ ಮಾತ್ರ. ಮಿನಿ 3, ಮಿನಿ 3 ಪ್ರೊ, ಮ್ಯಾವಿಕ್ 3 ಎಂಟರ್‌ಪ್ರೈಸ್‌ಗೆ ಇರುವುದು ಈ ಆವೃತ್ತಿ. ಇನ್ನು ಮ್ಯಾವಿಕ್ 3ರ ಸಾಮಾನ್ಯ ಮಾದರಿಗೆ ಈ ಕೀಲಿಯೇ ಇಲ್ಲ. ಅದಕ್ಕೆ ಎಂಥ ಟ್ಯಾಬ್ ಜೋಡಿಸಿದರೂ ಹೊರಗಿನ ಮ್ಯಾಪಿಂಗ್ ಆ್ಯಪ್ ಕೆಲಸ ಮಾಡುವುದಿಲ್ಲ.

ಹಿಂದೆ ಮ್ಯಾಪಿಂಗ್ ಎಂದರೆ ಐಪ್ಯಾಡ್ ಎನ್ನುವ ಕಾಲವಿತ್ತು. ಡಿಜೆಐ ತಾನೇ ಹೊರತಂದಿದ್ದ ಜಿಎಸ್ ಪ್ರೊ ಎಂಬ ಮ್ಯಾಪಿಂಗ್ ಆ್ಯಪ್ ಐಪ್ಯಾಡ್ ಬಿಟ್ಟರೆ ಬೇರೆಲ್ಲೂ ಓಡುತ್ತಿರಲಿಲ್ಲ. ಆ ಕಾಲದ ಸಲಹೆಯನ್ನು ಈಗಲೂ ಕಣ್ಣುಮುಚ್ಚಿ ಹೇಳುವವರಿದ್ದಾರೆ. ನಿಮ್ಮ ಫ್ಯಾಂಟಮ್‌ಗೆ ಆ ಸಲಹೆ ಇಂದಿಗೂ ತಪ್ಪಲ್ಲ. ಮುಂದೆ ಕೊಳ್ಳುವ ಚಿಕ್ಕ ಡ್ರೋನ್ ಮಿನಿ 3ರ ಸಾಲಿನದಾದರೆ ಮಾತ್ರ ಐಪ್ಯಾಡ್ ಹಿಡಿದು ಮ್ಯಾಪಿಂಗ್ ಮಾಡಲಾರಿರಿ. ಹಾರಿಸಬಹುದು, ಫೋಟೊ ತೆಗೆಯಬಹುದು, ಡಿಜೆಐ ಫ್ಲೈ ಆ್ಯಪ್ ಐಪ್ಯಾಡ್‌ನಲ್ಲೂ ಓಡುತ್ತದೆ. ಆದರೆ ಗೆರೆ ಹಿಡಿದು ಹಾರಿಸುವ ಹೊರಗಿನ ಮ್ಯಾಪಿಂಗ್ ಆ್ಯಪ್‌ಗಳಿಗೆ ಅಲ್ಲಿ ದಾರಿಯಿಲ್ಲ.

ಚಿಕ್ಕ ಡ್ರೋನ್ ಎಂದಿರಿ, ಅದಕ್ಕೊಂದು ಎಚ್ಚರಿಕೆ. ಅಂಗಡಿಯಲ್ಲಿ ಎರಡು ಬಗೆಯ ರಿಮೋಟ್ ತೋರಿಸುತ್ತಾರೆ. ಒಂದಕ್ಕೆ ಫೋನ್ ಸಿಕ್ಕಿಸಿಕೊಳ್ಳಬೇಕು, ಇನ್ನೊಂದಕ್ಕೆ ಪರದೆ ಅಂಟಿಕೊಂಡೇ ಬರುತ್ತದೆ. ಪರದೆ ಇರುವುದೇ ಅನುಕೂಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಡಿಜೆಐ ಆರ್‌ಸಿ, ಆರ್‌ಸಿ 2 ಎಂಬ ಆ ರಿಮೋಟ್‌ಗಳಲ್ಲಿ ಹೊರಗಿನ ಆ್ಯಪ್ ಹಾಕಿಕೊಳ್ಳಲು ಕಂಪನಿ ಅವಕಾಶ ಕೊಟ್ಟಿಲ್ಲ. ಅಡ್ಡದಾರಿಗಳನ್ನು ಹೇಳಿಕೊಡುವವರು ಸಿಗುತ್ತಾರೆ. ಗಾಳಿಯಲ್ಲಿ ಹಾರುವ ಯಂತ್ರವನ್ನು ಅಂಥ ದಾರಿಗೆ ಒಪ್ಪಿಸಬೇಡಿ. ಮ್ಯಾಪಿಂಗ್ ಮಾಡುವ ಉದ್ದೇಶ ಇದ್ದರೆ ಫೋನ್ ಸಿಕ್ಕಿಸುವ ಸಾದಾ ರಿಮೋಟೇ ಬೇಕು ಎಂದು ಕೇಳಿ ಪಡೆಯಿರಿ. ದೊಡ್ಡ ಬಜೆಟ್ಟಿನ ಮ್ಯಾವಿಕ್ 3 ಎಂಟರ್‌ಪ್ರೈಸ್‌ನ ಮಾತು ಬೇರೆ. ಅದರ ರಿಮೋಟ್‌ನಲ್ಲಿರುವ ಪೈಲಟ್ 2 ಆ್ಯಪ್‌ನಲ್ಲೇ ಮ್ಯಾಪಿಂಗ್ ಸೌಲಭ್ಯ ಇದೆ, ಟ್ಯಾಬ್ ಬೇಕಾಗುವುದೇ ಇಲ್ಲ.

ಈಗ ಮನೆಯಲ್ಲಿರುವ ಐಪ್ಯಾಡ್ ಮಿನಿ 4. ಇದು 2015ರ ಮಾದರಿ, 2 ಜಿಬಿ ರ್‍ಯಾಮ್. ಅದರ ಸಾಫ್ಟ್‌ವೇರ್ ಐಪ್ಯಾಡ್‌ಒಎಸ್ 15ಕ್ಕೆ ನಿಂತುಹೋಗಿದೆ, ಮುಂದಿನದು ಬರುವುದಿಲ್ಲ. ಒಂದು ಕಾಲಕ್ಕೆ ಫ್ಯಾಂಟಮ್ ಹಾರಿಸುತ್ತಿದ್ದ ಎಷ್ಟೋ ಜನರ ಕೈಯಲ್ಲಿ ಇದೇ ಇತ್ತು, ಈಗಲೂ ಡಿಜೆಐ ಗೋ 4 ಆ್ಯಪ್ ಹಾಕಿ ಸುಮ್ಮನೆ ಹಾರಿಸಲು ಪ್ರಯತ್ನಿಸಿ ನೋಡಬಹುದು. ಮ್ಯಾಪಿಂಗ್ ಆ್ಯಪ್ ವಿಷಯದಲ್ಲಿ ಮಾತ್ರ ಆಪ್ ಸ್ಟೋರ್ ತೆರೆದು, ಆ ಆ್ಯಪ್‌ಗೆ ಯಾವ ಆವೃತ್ತಿ ಬೇಕು ಎಂದು ಕೆಳಗೆ ಬರೆದಿರುವುದನ್ನು ಓದಿ. ಕೆಲವು ಸಲ ಹಳೆಯ ಸಾಧನಕ್ಕೆ ಹೊಂದುವ ಹಿಂದಿನ ಆವೃತ್ತಿಯನ್ನು ಹಾಕಲೇ ಎಂದು ಸ್ಟೋರ್ ತಾನೇ ಕೇಳುತ್ತದೆ. ಹಾಕಿಕೊಂಡು ಖುಷಿಪಡಬೇಡಿ. ಲಾಗಿನ್ ಆಗುತ್ತದೆಯೇ, ಮ್ಯಾಪ್ ತೆರೆದುಕೊಳ್ಳುತ್ತದೆಯೇ, ಯೋಜನೆ ಉಳಿಸಿಕೊಳ್ಳಬಹುದೇ ಎಂದು ಮನೆಯಲ್ಲೇ ನೋಡಿ. ಆ್ಯಪ್ ಹಳೆಯದಾಗಿ, ಕಂಪನಿಯ ಸರ್ವರ್ ಹೊಸದಾಗಿದ್ದರೆ ಲಾಗಿನ್ ಪುಟದಲ್ಲೇ ಕಥೆ ಮುಗಿಯುತ್ತದೆ.

ಅದರ ಇನ್ನೊಂದು ಕೊರತೆ ಜಿಪಿಎಸ್. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಚಿಪ್ ಇರುವುದಿಲ್ಲ, ಸಿಮ್ ಹಾಕಬಹುದಾದ ಸೆಲ್ಯುಲಾರ್ ಮಾದರಿಯಲ್ಲಿ ಮಾತ್ರ ಇರುತ್ತದೆ. ಸಿಮ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ. ಈ ವಿಷಯದಲ್ಲಿ ಭಯವೂ ಬೇಡ, ಉದಾಸೀನವೂ ಬೇಡ. ಡ್ರೋನ್‌ಗೆ ತನ್ನದೇ ಜಿಪಿಎಸ್ ಇದೆ. ಮೇಲೇರುವಾಗ ತಾನಿರುವ ಜಾಗವನ್ನು ಹೋಮ್ ಪಾಯಿಂಟ್ ಎಂದು ಅದೇ ಗುರುತಿಟ್ಟುಕೊಳ್ಳುತ್ತದೆ, ಅಲ್ಲಿಗೇ ವಾಪಸ್ ಬರುತ್ತದೆ. ಟ್ಯಾಬ್‌ನಲ್ಲಿ ಜಿಪಿಎಸ್ ಇಲ್ಲದಿದ್ದರೆ ಮ್ಯಾಪ್ ಮೇಲೆ ನೀವು ಎಲ್ಲಿ ನಿಂತಿದ್ದೀರಿ ಎಂಬುದು ಕಾಣಿಸುವುದಿಲ್ಲ. ಹಾರಾಟದ ನಡುವೆ ನೀವು ಜಾಗ ಬದಲಿಸಿದರೆ ಹೋಮ್ ಪಾಯಿಂಟನ್ನು ನೀವಿರುವಲ್ಲಿಗೆ ತಂದುಕೊಳ್ಳಲಾಗುವುದಿಲ್ಲ. ಮ್ಯಾಪಿಂಗ್‌ನಲ್ಲಿ ಇನ್ನೊಂದು ಉಪಯೋಗವೂ ತಪ್ಪುತ್ತದೆ: ಜಮೀನಿನ ಬದುವಿನ ಮೇಲೆ ಟ್ಯಾಬ್ ಹಿಡಿದು ನಡೆಯುತ್ತ, ಪರದೆ ಮೇಲಿನ ಚುಕ್ಕಿಯನ್ನು ನೋಡಿಕೊಂಡು ಗಡಿ ಎಳೆಯುವುದು. ಬೇಸ್ ಮ್ಯಾಪ್‌ನ, ಅಂದರೆ ಆ್ಯಪ್ ಹಿನ್ನೆಲೆಯಲ್ಲಿ ತೋರಿಸುವ ಭೂಪಟದ ಚಿತ್ರ ಹಳೆಯದಾಗಿದ್ದು, ಕ್ವಾರಿಯ ಅಂಚು ಈಗ ಮುಂದೆ ಸರಿದಿದ್ದರೆ ಈ ಚುಕ್ಕಿಯೇ ನಿಮಗೆ ದಿಕ್ಕು. ಮೂರು, ಐದು ಮೀಟರ್ ಆಚೀಚೆ ಆದರೂ ಹಾರಾಟದ ಗಡಿಗೆ ಅದು ಧಾರಾಳ ಸಾಕು. ಹೊಸದನ್ನು ಕೊಳ್ಳುವಾಗ ಜಿಪಿಎಸ್ ಇರುವುದನ್ನೇ ಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ವೈ-ಫೈ ಮಾದರಿಗಳಲ್ಲೂ ಹಲವಕ್ಕೆ ಇರುತ್ತದೆ, ಕೆಲವು ಅಗ್ಗದವಕ್ಕೆ ಇರುವುದಿಲ್ಲ. ವಿವರಪಟ್ಟಿ ಓದದೆ ಕೊಳ್ಳಬೇಡಿ.

ಬಿಸಿಲಿನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಟ್ಯಾಬ್ ಆಯ್ಕೆಯ ಪ್ರಾಣ ಇರುವುದೇ ಇಲ್ಲಿ.

ಪರದೆಯ ಬೆಳಕನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಐಪ್ಯಾಡ್ ಮಿನಿ 5, ಮಿನಿ 6 ಎರಡೂ 500 ನಿಟ್ಸ್. ಡಿಜೆಐನ ಪರದೆ ಇರುವ ಆರ್‌ಸಿ ರಿಮೋಟ್ 700, ಆರ್‌ಸಿ ಪ್ರೊ 1000, ಆರ್‌ಸಿ ಪ್ಲಸ್ 1200. ಡ್ರೋನ್‌ಗಾಗಿಯೇ ಮಾಡಿದ ಪರದೆಗಳನ್ನು ಇಷ್ಟು ಪ್ರಖರವಾಗಿ ಮಾಡಿದ್ದಾರೆಂದರೆ ಸುಮ್ಮನೆ ಅಲ್ಲ. ನೆತ್ತಿ ಮೇಲಿನ ಸೂರ್ಯನ ಎದುರು 500 ನಿಟ್ಸ್ ಎಂದರೆ ಮುಖ ನೋಡಿಕೊಳ್ಳುವ ಕನ್ನಡಿ. ಫೋನಿನಲ್ಲಿ ಕಾಣಿಸದ್ದು ಟ್ಯಾಬ್‌ನಲ್ಲಿ ಕಾಣಿಸುತ್ತದೆ ಎಂದು ನೀವಂದುಕೊಂಡಿದ್ದರೆ ಅದು ಅರ್ಧ ಮಾತ್ರ ನಿಜ. ಅಕ್ಷರ ದೊಡ್ಡದಾಗುತ್ತದೆ, ಬೆಳಕು ದೊಡ್ಡದಾಗುವುದಿಲ್ಲ. ಈಗಿನ ಒಳ್ಳೆಯ ಫೋನುಗಳ ಪರದೆ ಬಿಸಿಲಲ್ಲಿ 1000 ನಿಟ್ಸ್ ದಾಟುತ್ತದೆ, ಬಹುಪಾಲು ಟ್ಯಾಬ್‌ಗಳು ಅದರ ಅರ್ಧಕ್ಕೇ ನಿಲ್ಲುತ್ತವೆ. 2024ರ 11 ಇಂಚಿನ ಐಪ್ಯಾಡ್ ಪ್ರೊ 1000 ನಿಟ್ಸ್ ಕೊಡುತ್ತದೆ, ಆದರೆ ಅಷ್ಟು ನಾಜೂಕಿನ ವಸ್ತುವನ್ನು ಕ್ವಾರಿಯ ದೂಳಿಗೆ ಒಯ್ಯಲು ನನಗೆ ಮನಸ್ಸಾಗದು.

ಬೆಳಕು ಕಡಿಮೆಯಿದ್ದರೆ ಪರದೆಯ ಸುತ್ತ ಕಪ್ಪು ಮರೆ, ಅಂದರೆ ಹುಡ್ ಕಟ್ಟಿಕೊಳ್ಳುವುದು ರೂಢಿ. ಕಣ್ಣಿಗೆ ಅದು ನಿಜವಾಗಿಯೂ ಹಿತ. ಟ್ಯಾಬ್‌ಗೆ ಅಷ್ಟೇನೂ ಹಿತವಲ್ಲ ಎಂದು ನಾನು ಕಲಿತದ್ದು ಒಂದು ಮಧ್ಯಾಹ್ನ, ಬೋಳು ಕಲ್ಲುಬಂಡೆಯ ಮೇಲೆ ನಿಂತು. ಮೂರನೇ ಬ್ಯಾಟರಿಯ ಹಾರಾಟ ನಡೆದಿತ್ತು. ಹಾವಿನಂತೆ ಹೋಗಿ ಬರುವ ಹಾರಾಟದ ಸಾಲುಗಳಲ್ಲಿ ಮುಕ್ಕಾಲು ಮುಗಿದಿತ್ತು. ಪರದೆ ಮೊದಲು ಮಸುಕಾಯಿತು. ಬೆರಳಿಟ್ಟು ಬ್ರೈಟ್‌ನೆಸ್ ಎಳೆದೆ, ಗೀಟು ಪೂರ್ತಿ ಮೇಲಿದ್ದರೂ ಪರದೆ ಮಸುಕಾಗಿಯೇ ಇತ್ತು. ಒಂದೆರಡು ನಿಮಿಷಕ್ಕೆ ಪೂರಾ ಕಪ್ಪಾಗಿ, ನಡುವೆ ಥರ್ಮಾಮೀಟರಿನ ಚಿತ್ರ ಮೂಡಿತು: ತಣ್ಣಗಾದ ಮೇಲೆ ಬಳಸಿ ಎಂದು. ಟ್ಯಾಬ್‌ನ ಹಿಂಭಾಗ ಮುಟ್ಟಿದರೆ ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಡ್ರೋನ್ ಎಲ್ಲಿದೆ, ಬ್ಯಾಟರಿ ಎಷ್ಟಿದೆ, ಏನೂ ಗೊತ್ತಿಲ್ಲ. ಕಿವಿಗೆ ಬೀಳುತ್ತಿದ್ದ ಸಣ್ಣ ಗುಂಯ್ ಸದ್ದು ಮಾತ್ರ ಅದು ಇನ್ನೂ ಹಾರುತ್ತಿದೆ ಎಂದು ಹೇಳುತ್ತಿತ್ತು. ರಿಮೋಟ್ ಮೇಲಿನ ರಿಟರ್ನ್ ಟು ಹೋಮ್ ಬಟನ್ ಒತ್ತಿ ಹಿಡಿದೆ. ಸದ್ದು ನಿಧಾನವಾಗಿ ಹತ್ತಿರವಾಯಿತು, ಡ್ರೋನ್ ಹಾರಿದ ಜಾಗದಲ್ಲೇ ಬಂದಿಳಿಯಿತು. ಆ ಬಟನ್‌ಗೆ ಟ್ಯಾಬ್‌ನ ಹಂಗಿಲ್ಲ. ಟ್ಯಾಬ್ ಸತ್ತರೂ ರಿಮೋಟ್ ಮತ್ತು ಡ್ರೋನ್ ನಡುವಿನ ನಂಟು ಹಾಗೇ ಇರುತ್ತದೆ. ಹೊಸ ಟ್ಯಾಬ್ ಕೊಂಡ ದಿನ, ಬಯಲಿನಲ್ಲಿ, ಕಡಿಮೆ ಎತ್ತರದಲ್ಲಿ ಡ್ರೋನ್ ನಿಲ್ಲಿಸಿಕೊಂಡು ಟ್ಯಾಬ್‌ನ ಕೇಬಲ್ ಕಿತ್ತು ಈ ಬಟನ್ ಒತ್ತಿ ನೋಡಿ. ಒಮ್ಮೆ ಕಣ್ಣಾರೆ ಕಂಡರೆ ಮುಂದೆ ಪರದೆ ಕಪ್ಪಾದ ಗಳಿಗೆಯಲ್ಲಿ ಕೈ ನಡುಗುವುದಿಲ್ಲ.

ಐಪ್ಯಾಡನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಬಳಸಬೇಕು ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ಅದು ಗಾಳಿಯ ಉಷ್ಣಾಂಶದ ಮಾತು. ನೇರ ಬಿಸಿಲು, ಪೂರ್ತಿ ಏರಿಸಿದ ಬ್ರೈಟ್‌ನೆಸ್, ಬಿಡದೆ ಬರುತ್ತಿರುವ ವಿಡಿಯೊ, ಕೇಬಲ್‌ನಿಂದ ಆಗುತ್ತಿರುವ ಚಾರ್ಜ್, ಗಾಳಿಯಾಡದ ಹುಡ್ ಇವೆಲ್ಲ ಕೂಡಿದರೆ 30 ಡಿಗ್ರಿಯ ದಿನವೂ ಟ್ಯಾಬ್ ಸೋಲುತ್ತದೆ. ಆ ದಿನದಿಂದ ನಾನು ಹುಡ್ ಬದಲು ದೊಡ್ಡ ಕೊಡೆ ಒಯ್ಯುತ್ತೇನೆ. ಟ್ಯಾಬ್‌ನ ದಪ್ಪ ಕವರ್ ಬಿಚ್ಚಿಡುತ್ತೇನೆ. ಹಾರಾಟಗಳ ನಡುವೆ ಅದನ್ನು ನೆರಳಲ್ಲಿ ಗಾಳಿಗೆ ಇಡುತ್ತೇನೆ, ನಿಲ್ಲಿಸಿದ ಕಾರಿನ ಒಳಗೆ ಎಂದೂ ಇಡುವುದಿಲ್ಲ. ಬಿಸಿಯಾದ ಟ್ಯಾಬನ್ನು ಐಸ್ ಡಬ್ಬಿಗೆ ಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಒಳಗೆ ನೀರಿನ ಪಸೆ ಕಟ್ಟುತ್ತದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕುವ ಅಭ್ಯಾಸ ಇದ್ದರೆ, ಕೊಳ್ಳುವ ಮೊದಲು ಅದನ್ನು ಹಾಕಿಕೊಂಡೇ ಟ್ಯಾಬನ್ನು ಅಡ್ಡಡ್ಡ, ಉದ್ದುದ್ದ ತಿರುಗಿಸಿ ನೋಡಿ. ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ.

ಗಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ: 8 ಇಂಚಿನ ಆಸುಪಾಸು ಸಾಕು. ಐಪ್ಯಾಡ್ ಮಿನಿ 6 ತೂಕ 300 ಗ್ರಾಂ ಒಳಗೆ. ಹತ್ತನೇ ತಲೆಮಾರಿನ 10.9 ಇಂಚಿನ ಐಪ್ಯಾಡ್ 477 ಗ್ರಾಂ. ವ್ಯತ್ಯಾಸ ಅಂಗಡಿಯಲ್ಲಿ ಗೊತ್ತಾಗದು, ರಿಮೋಟ್‌ಗೆ ಸಿಕ್ಕಿಸಿ ಅರ್ಧ ಗಂಟೆ ಹಿಡಿದು ನಿಂತರೆ ಮಣಿಕಟ್ಟು ಹೇಳುತ್ತದೆ. ಫ್ಯಾಂಟಮ್‌ನ ರಿಮೋಟ್‌ಗೆ ಟ್ಯಾಬ್ ಹಿಡಿಯುವ ಕ್ಲ್ಯಾಂಪ್ ಇದೆ, ಈ ಗಾತ್ರ ಅದರಲ್ಲಿ ಆರಾಮಾಗಿ ಕೂರುತ್ತದೆ. ಚಿಕ್ಕ ಡ್ರೋನ್‌ಗಳ ಜತೆ ಬರುವ ಆರ್‌ಸಿ-ಎನ್1 ರಿಮೋಟ್ ಹಾಗಲ್ಲ. ಅದರ ಹಿಡಿಕೆಗೆ 180 × 86 × 10 ಮಿ.ಮೀ. ಒಳಗಿನ ಫೋನ್ ಮಾತ್ರ ಹಿಡಿಸುತ್ತದೆ. ಟ್ಯಾಬ್‌ಗೆ ಬೇರೆ ಮೌಂಟ್ ಬೇಕು. ಆ ರಿಮೋಟ್‌ನ ಆ್ಯಂಟೆನಾಗಳು ಇರುವುದು ಫೋನ್ ಹಿಡಿಯುವ ಆ ಮೇಲಿನ ಭಾಗದ ಒಳಗೇ. ಅದರ ಎದುರು ದಪ್ಪ ಲೋಹದ ತಗಡು ಬರುವಂಥ ಮೌಂಟ್ ಕೊಳ್ಳಬೇಡಿ.

ಕೇಬಲ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಟ್ಯಾಬ್ ಸರಿಯಿಲ್ಲ ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಬಹಳಷ್ಟು ಕೊನೆಗೆ ಕೇಬಲ್‌ನ ದೂರುಗಳೇ. ಫ್ಯಾಂಟಮ್ ರಿಮೋಟ್‌ನಲ್ಲಿ ಇರುವುದು ದೊಡ್ಡ ಯುಎಸ್‌ಬಿ-ಎ ಕಿಂಡಿ. ಐಪ್ಯಾಡ್ ಮಿನಿ 4, ಮಿನಿ 5ಕ್ಕೆ ಲೈಟ್ನಿಂಗ್ ಕೇಬಲ್, ಮಿನಿ 6ಕ್ಕೆ ಹಾಗೂ ಈಗಿನ ಆಂಡ್ರಾಯ್ಡ್ ಟ್ಯಾಬ್‌ಗಳಿಗೆ ಟೈಪ್-ಸಿ. ಚಾರ್ಜರ್ ಜತೆ ಬರುವ ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಸಿಕ್ಕಿಸಿದ ತಕ್ಷಣ ಚಾರ್ಜಿಂಗ್ ಚಿಹ್ನೆ ಬರುತ್ತದೆ, ಎಲ್ಲ ಸರಿಯಾಗಿದೆ ಎನಿಸುತ್ತದೆ, ಆದರೆ ಆ್ಯಪ್ ಮಾತ್ರ ಡ್ರೋನ್ ಸಿಗುತ್ತಿಲ್ಲ ಎನ್ನುತ್ತಲೇ ಇರುತ್ತದೆ. ಡೇಟಾ ಹೋಗುವ, ಗಿಡ್ಡನೆಯ, ಬಿಗಿಯಾಗಿ ಕೂರುವ ಎರಡು ಕೇಬಲ್ ಇಟ್ಟುಕೊಳ್ಳಿ, ಒಂದನ್ನು ಬ್ಯಾಗಿನಿಂದ ತೆಗೆಯಲೇಬೇಡಿ.

ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಗಂಟಿದೆ. ಕೇಬಲ್ ಸಿಕ್ಕಿಸಿದಾಗ ಯಾವ ಆ್ಯಪ್‌ನಿಂದ ತೆರೆಯಲಿ ಎಂದು ಟ್ಯಾಬ್ ಕೇಳುತ್ತದೆ. ಮೊದಲ ದಿನ ಡಿಜೆಐ ಗೋ 4 ಆರಿಸಿ, ಯಾವಾಗಲೂ ಎಂಬುದನ್ನು ಒತ್ತಿಬಿಟ್ಟಿರುತ್ತೀರಿ. ಅಲ್ಲಿಂದ ಮುಂದೆ ರಿಮೋಟ್‌ನ ದಾರಿಯನ್ನು ಅದೊಂದೇ ಆ್ಯಪ್ ಹಿಡಿದುಕೊಳ್ಳುತ್ತದೆ, ಮ್ಯಾಪಿಂಗ್ ಆ್ಯಪ್ ಎಷ್ಟು ಬಡಿದರೂ ಬಾಗಿಲು ತೆರೆಯದು. ಸೆಟ್ಟಿಂಗ್ಸ್‌ನಲ್ಲಿ ಗೋ 4 ಆ್ಯಪ್‌ನ ಪುಟಕ್ಕೆ ಹೋಗಿ, ಡಿಫಾಲ್ಟ್ ಆಗಿ ತೆರೆಯುವ ಆಯ್ಕೆಯನ್ನು ಅಳಿಸಿ, ಫೋರ್ಸ್ ಸ್ಟಾಪ್ ಮಾಡಿ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಈ ಸಲ ಮ್ಯಾಪಿಂಗ್ ಆ್ಯಪ್ ಆರಿಸಿ. ಗೋ 4 ಅನ್ನು ತೆಗೆದುಹಾಕಬೇಡಿ. ಫರ್ಮ್‌ವೇರ್, ಕಂಪಾಸ್ ಕ್ಯಾಲಿಬ್ರೇಶನ್, ಕ್ಯಾಮೆರಾ ಸೆಟ್ಟಿಂಗ್‌ಗೆ ಅದು ಬೇಕೇ ಬೇಕು.

ಆಂಡ್ರಾಯ್ಡ್ ಟ್ಯಾಬ್‌ನ ಒಳಗಿನ ವಿವರಗಳಲ್ಲಿ ನಾನು ನೋಡುವುದು ಇಷ್ಟು. 64 ಬಿಟ್ ಆಂಡ್ರಾಯ್ಡ್ ಆಗಿರಲೇಬೇಕು. ಕೆಲವು ಅಗ್ಗದ ಟ್ಯಾಬ್‌ಗಳಲ್ಲಿ ಪ್ರೊಸೆಸರ್ 64 ಬಿಟ್ ಇದ್ದರೂ ಒಳಗೆ 32 ಬಿಟ್ ಆಂಡ್ರಾಯ್ಡ್ ತುಂಬಿರುತ್ತಾರೆ, ಡಿಜೆಐ ಫ್ಲೈಯಂಥ ಆ್ಯಪ್ ಅದರಲ್ಲಿ ಇನ್‌ಸ್ಟಾಲ್ ಆಗುವುದೇ ಇಲ್ಲ. ಗೂಗಲ್ ಪ್ಲೇ ಸೇವೆಗಳು ಇರಬೇಕು. ಮ್ಯಾಪಿಂಗ್ ಆ್ಯಪ್‌ಗಳಲ್ಲಿ ಹಲವು ತಮ್ಮ ಭೂಪಟಕ್ಕೆ ಅವನ್ನೇ ನೆಚ್ಚಿಕೊಂಡಿವೆ. ಅಮೆಜಾನ್ ಫೈರ್ ಟ್ಯಾಬ್‌ಗಳನ್ನು, ಗೂಗಲ್ ಸೇವೆ ಇಲ್ಲದ ಹುವಾವೇ ಟ್ಯಾಬ್‌ಗಳನ್ನು ಈ ಕಾರಣಕ್ಕೆ ಬಿಟ್ಟುಬಿಡಿ. ಡಿಜೆಐ ಫ್ಲೈ ಮಾತ್ರ ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ, ಡಿಜೆಐನ ವೆಬ್‌ಸೈಟಿನಿಂದಲೇ ಎಪಿಕೆ, ಅಂದರೆ ಆ್ಯಪ್‌ನ ಇನ್‌ಸ್ಟಾಲ್ ಫೈಲ್ ಇಳಿಸಿಕೊಳ್ಳಬೇಕು, ಬೇರೆಲ್ಲಿಂದಲೂ ಬೇಡ. ರ್‍ಯಾಮ್ 4 ಜಿಬಿಗಿಂತ ಕೆಳಗೆ ಹೋಗಬೇಡಿ, 6 ಇದ್ದರೆ ನೆಮ್ಮದಿ. ಇದು ಮ್ಯಾಪ್ ಚೆನ್ನಾಗಿ ಬರಲೆಂದಲ್ಲ, ಹಾರಾಟದ ನಡುವೆ ಆ್ಯಪ್ ಮುಚ್ಚಿಹೋಗದಿರಲೆಂದು. ಬ್ಯಾಟರಿ ಉಳಿಸುವ ನೆಪದಲ್ಲಿ ಆ್ಯಪ್‌ಗಳನ್ನು ಮುಚ್ಚುವ ಸೆಟ್ಟಿಂಗ್ ಕೆಲವು ಟ್ಯಾಬ್‌ಗಳಲ್ಲಿ ಬಲು ಚುರುಕಾಗಿರುತ್ತದೆ, ನಿಮ್ಮ ಡ್ರೋನ್ ಆ್ಯಪ್‌ಗಳಿಗೆ ಅದನ್ನು ಆಫ್ ಮಾಡಿಡಿ.

ಆ್ಯಪ್ ಮುಚ್ಚಿಹೋದರೆ ಏನಾಗುತ್ತದೆ ಎಂಬುದು ಡ್ರೋನ್‌ನಿಂದ ಡ್ರೋನ್‌ಗೆ ಬೇರೆ, ನಿಮ್ಮ ಎರಡು ಡ್ರೋನ್‌ಗಳ ನಡುವಿನ ದೊಡ್ಡ ವ್ಯತ್ಯಾಸವೂ ಇದೇ ಆಗಬಹುದು. ಫ್ಯಾಂಟಮ್ 4 ಪ್ರೊಗೆ ವೇಪಾಯಿಂಟ್ ಯೋಜನೆಯನ್ನು, ಅಂದರೆ ಹಾದುಹೋಗಬೇಕಾದ ಬಿಂದುಗಳ ಪಟ್ಟಿಯನ್ನು ಡ್ರೋನ್‌ನೊಳಗೇ ತುಂಬಬಹುದು, ಒಂದು ಸಲಕ್ಕೆ 99 ಬಿಂದುಗಳವರೆಗೆ. ತುಂಬಿದ ಮೇಲೆ ಟ್ಯಾಬ್ ನಿಂತುಹೋದರೂ ಅದು ತನ್ನ ಪಾಡಿಗೆ ಸಾಲು ಮುಗಿಸುತ್ತ ಹೋಗುತ್ತದೆ.  ಮಿನಿ 2, ಏರ್ 2ಎಸ್‌ನಂಥ ಚಿಕ್ಕ ಡ್ರೋನ್‌ಗಳಲ್ಲಿ ಹೊರಗಿನ ಆ್ಯಪ್‌ಗಳು ವರ್ಚುವಲ್ ಸ್ಟಿಕ್ ಎಂಬ ವಿಧಾನದಿಂದ ಹಾರಿಸುತ್ತವೆ. ಅಂದರೆ ನೀವು ಬೆರಳಿನಿಂದ ಕಡ್ಡಿ ಅಲ್ಲಾಡಿಸುವ ಬದಲು ಟ್ಯಾಬ್ ಪ್ರತಿ ಗಳಿಗೆಯೂ ಆಜ್ಞೆ ಕಳಿಸುತ್ತಿರುತ್ತದೆ. ಟ್ಯಾಬ್ ನಿಂತರೆ ಆಜ್ಞೆ ನಿಂತಿತು, ಡ್ರೋನ್ ಇದ್ದಲ್ಲೇ ತೂಗುತ್ತ ನಿಲ್ಲುತ್ತದೆ. ಹಾಗಾಗಿ ದುರ್ಬಲ ಟ್ಯಾಬ್ ಫ್ಯಾಂಟಮ್‌ಗೆ ಹೇಗೋ ನಡೆದೀತು, ಚಿಕ್ಕ ಡ್ರೋನ್‌ಗೆ ನಡೆಯದು. ಅಗ್ಗದ ಡ್ರೋನ್‌ಗೆ ಅಗ್ಗದ ಟ್ಯಾಬ್ ಸಾಕು ಎನ್ನುವ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಹೋಗುವ ಹಿಂದಿನ ರಾತ್ರಿ ಮಾಡಬೇಕಾದ ಕೆಲಸ ಸ್ವಲ್ಪ ಇದೆ. ಎಲ್ಲ ಆ್ಯಪ್‌ಗಳಿಗೂ ಲಾಗಿನ್ ಆಗಿ, ಆ ಜಾಗದ ಬೇಸ್ ಮ್ಯಾಪನ್ನು ಹಿಗ್ಗಿಸಿ ಕುಗ್ಗಿಸಿ ಟ್ಯಾಬ್‌ನೊಳಗೆ ಇಳಿಯುವಂತೆ ಮಾಡಿ, ಯೋಜನೆ ಹಾಕಿ ಉಳಿಸಿ. ಆಮೇಲೆ ವೈ-ಫೈ, ಡೇಟಾ ಎರಡನ್ನೂ ಆಫ್ ಮಾಡಿ, ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಎಲ್ಲ ಕಾಣಿಸಿದರೆ ಮಾತ್ರ ಬ್ಯಾಗಿಗೆ ಹಾಕಿ. ಒಮ್ಮೆ ಸ್ಥಳಕ್ಕೆ ಹೋಗಿ ಆ್ಯಪ್ ತೆರೆದಾಗ ಪಾಸ್‌ವರ್ಡ್ ಕೇಳಿತು, ಸಿಗ್ನಲ್ ಒಂದು ಕಡ್ಡಿಯೂ ಇರಲಿಲ್ಲ. ಬೆಳಗಿನ ಒಳ್ಳೆಯ ಬೆಳಕು ಕಳೆದುಕೊಂಡು, ಸಿಗ್ನಲ್ ಸಿಗುವ ಗುಡ್ಡ ಹುಡುಕಿಕೊಂಡು ಹೋಗಿದ್ದೆ. ಟ್ಯಾಬ್‌ಗೆ ಸಿಮ್ ಇಲ್ಲದಿದ್ದರೂ ಪರವಾಗಿಲ್ಲ, ಫೋನಿನ ಹಾಟ್‌ಸ್ಪಾಟ್ ಸಾಕಾಗುತ್ತದೆ. ಡ್ರೋನ್ ಏರಿದ ಮೇಲೆ ಹಾಟ್‌ಸ್ಪಾಟ್ ಆಫ್ ಮಾಡಿಬಿಡಿ, 2.4 ಗಿಗಾಹರ್ಟ್ಸ್ ದಾರಿಯಲ್ಲಿ ರಿಮೋಟ್‌ನ ಪಕ್ಕದಲ್ಲೇ ಇನ್ನೊಂದು ಸದ್ದು ಬೇಡ.

ಇಷ್ಟೆಲ್ಲ ನೋಡಿದ ಮೇಲೆ ನಿಮಗೆ ನಾನು ಹೇಳುವುದು ಇದು. ಫ್ಯಾಂಟಮ್ ಒಂದೇ ಸಾಕು, ಚಿಕ್ಕ ಡ್ರೋನ್ ಕೊಳ್ಳುವುದಿಲ್ಲ ಎಂದಾದರೆ ಸೆಲ್ಯುಲಾರ್ ಐಪ್ಯಾಡ್ ಮಿನಿ ಕೊಳ್ಳಿ. ಮಿನಿ 5 ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸರಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಪರೀಕ್ಷಿಸಿ ಕೊಳ್ಳಿ. ಆದರೆ ಎರಡನೇ ಡ್ರೋನ್ ಬರುವ ಮಾತು ಖಚಿತವಾಗಿದ್ದರೆ ಆಂಡ್ರಾಯ್ಡ್ ಕಡೆಗೇ ಹೋಗಿ. ಎರಡೂ ಎಸ್‌ಡಿಕೆಗಳು ಸಿಗುವುದು ಅಲ್ಲಿ ಮಾತ್ರ. ನನಗೆ ಇಷ್ಟವಾದದ್ದು ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್ ಸಾಲು. ಆ್ಯಕ್ಟಿವ್ 3, ಆ್ಯಕ್ಟಿವ್ 5 ಎರಡೂ 8 ಇಂಚು, ದೂಳು ಮತ್ತು ನೀರು ತಡೆಯುವಂಥವು. ಬ್ಯಾಟರಿಯನ್ನು ಬಿಚ್ಚಿ ಬೇರೆ ಹಾಕಬಹುದು. ಇಡೀ ದಿನ ಹಾರಿಸುವವರಿಗೆ ಈ ಕೊನೆಯ ಗುಣ ಎಷ್ಟು ಬೆಲೆಬಾಳುತ್ತದೆ ಎಂದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಗುತ್ತದೆ. ಪರದೆ ಪ್ರಖರತೆಯಲ್ಲಿ ಅದೇನೂ ಅದ್ಭುತವಲ್ಲ, ಕೊಡೆ ಅದಕ್ಕೂ ಬೇಕು. ಕೊಳ್ಳುವ ದಿನ ನಿಮ್ಮ ಡ್ರೋನ್ ಮಾದರಿ ಹಾಗೂ ಆ ಟ್ಯಾಬ್‌ನ ಆಂಡ್ರಾಯ್ಡ್ ಆವೃತ್ತಿ ಎರಡೂ, ನೀವು ಬಳಸಬೇಕೆಂದಿರುವ ಆ್ಯಪ್‌ನ ಹೊಂದಾಣಿಕೆ ಪಟ್ಟಿಯಲ್ಲಿ ಇವೆಯೇ ಎಂದು ಇನ್ನೊಮ್ಮೆ ನೋಡಿ. ಆ ಪಟ್ಟಿಗಳು ಬದಲಾಗುತ್ತಲೇ ಇರುತ್ತವೆ.

ಐಪ್ಯಾಡ್ ಮಿನಿ 4 ಎಸೆಯಬೇಡಿ. ಗೋ 4 ಅದರಲ್ಲಿ ಸರಿಯಾಗಿ ಓಡಿದರೆ ಒಂದು ಲೈಟ್ನಿಂಗ್ ಕೇಬಲ್ ಸಮೇತ ಬ್ಯಾಗಿನ ತಳದಲ್ಲಿರಲಿ. ಹೊಸ ಟ್ಯಾಬ್ ಬಿದ್ದು ಒಡೆದ ದಿನ ಕೈಯಿಂದ ಹಾರಿಸಿ ಕೆಲಸ ಮುಗಿಸಲು ಅದು ಸಾಕು.

ಫೋಟೊಗಳನ್ನು ಟ್ಯಾಬ್‌ನಲ್ಲೇ ಜೋಡಿಸಿ ಮ್ಯಾಪ್ ಮಾಡಬಹುದೇ ಎಂದು ನೀವು ಕೇಳಿಲ್ಲ, ಆದರೆ ರ್‍ಯಾಮ್‌ನ ಪ್ರಶ್ನೆಯ ಹಿಂದೆ ಅದೂ ಇದೆ ಎಂದು ನನಗೆ ತೋರುತ್ತದೆ. ಆಗುವುದಿಲ್ಲ. ನೂರಾರು ಫೋಟೊಗಳನ್ನು ಮೆಟಾಶೇಪ್, ವೆಬ್‌ಒಡಿಎಂನಂಥ ಸಾಫ್ಟ್‌ವೇರ್‌ನಲ್ಲಿ ಬೆಸೆಯುವುದಕ್ಕೆ ಒಳ್ಳೆಯ ಕಂಪ್ಯೂಟರೇ ಬೇಕು, ಇಲ್ಲವೇ ಕ್ಲೌಡ್ ಸೇವೆಗೆ ಕಳಿಸಬೇಕು. ದುಡ್ಡು ಉಳಿದಿದ್ದರೆ ಆ ಕಡೆಗೆ ಹಾಕಿ. ಟ್ಯಾಬ್‌ಗಾಗಿ ಚಿಕ್ಕದೊಂದು ಕಾರ್ಡ್ ರೀಡರ್ ಮಾತ್ರ ಮರೆಯದೆ ಕೊಳ್ಳಿ. ಹಾರಾಟ ಮುಗಿದ ಮೇಲೆ, ಕೊಡೆ ಮಡಚುವ ಮುನ್ನ, ಡ್ರೋನ್‌ನ ಕಾರ್ಡ್ ಅದಕ್ಕೆ ಹಾಕಿ ಫೋಟೊಗಳ ಲೆಕ್ಕ ಯೋಜನೆಯ ಲೆಕ್ಕಕ್ಕೆ ಹೊಂದುತ್ತದೆಯೇ ನೋಡಿ, ನಾಲ್ಕೈದು ಫೋಟೊ ಹಿಗ್ಗಿಸಿ ಅಲುಗಾಡಿವೆಯೇ ಎಂದು ನೋಡಿ. ಒಂದು ಸಾಲು ಬಿಟ್ಟುಹೋಗಿದ್ದರೆ ಇನ್ನೊಂದು ಬ್ಯಾಟರಿ ಹಾಕಿ ಅಲ್ಲೇ ಹಾರಿಸಬಹುದು.